ಪ್ರೋಗ್ರಾಂ ಸರಿಯಿದೆ, ಆದ್ರೂ ಯಾಕೆ ಓಡ್ತಿಲ್ಲ?

ಕಳೆದ ಸೆಮಿಸ್ಟರ್‌ನ ಲ್ಯಾಬ್ ಎಕ್ಸಾಮ್. ನಮ್ಮ ಪಕ್ಕದ ಸಿಸ್ಟಮ್‌ನಲ್ಲಿದ್ದ ಗೆಳೆಯ ವರ್ಗ ಸಮೀಕರಣದ ಮೂಲಗಳನ್ನು ಕಂಡುಹಿಡಿಯುವ ಸಿ ಪ್ರೋಗ್ರಾಂ ಬರೆದಿದ್ದ. ಲಾಜಿಕ್ ಪೂರ್ತಿ ಸರಿ. ಕಂಪೈಲ್ ಮಾಡಿದಾಗ ಬಂದದ್ದು ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ’. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಇಂಗ್ಲಿಷ್ ಸಾಲು ಕಂಡ ಕೂಡಲೇ ತಪ್ಪು ತನ್ನದೇ ಅಂದುಕೊಂಡ. ಇಡೀ ಪ್ರೋಗ್ರಾಂ ಅಳಿಸಿ ಮತ್ತೆ ಬರೆದ. ಮತ್ತೆ ಅದೇ ಸಾಲು. ಟೈಮ್ ಮುಗೀತು, ಔಟ್‌ಪುಟ್ ಮಾರ್ಕ್ಸ್ ಹೋಯ್ತು. ಕಮಾಂಡಿನ ಕೊನೆಗೆ -ಎಲ್‌ಎಂ ಅಂತ ಹಾಕಿದ್ದರೆ ಸಾಕಿತ್ತು.

ಇಂಥದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಈ ಪಾಠ. ಉಬುಂಟು ಮತ್ತು ಜಿಸಿಸಿ ಇರುವ ಲ್ಯಾಬನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ; ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಹೊಡೆಯಿರಿ (ಕೊನೆಯಲ್ಲಿ ಬರುವ -ವಾಲ್‌ನ ಮೊದಲ ಅಕ್ಷರ ಡಬ್ಲ್ಯು ಮಾತ್ರ ದೊಡ್ಡಕ್ಷರ).

ಎರರ್ ಬಂದಾಗ ನಾವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ಮಾತಾಡ್ತಿರೋದು ಯಾರು? ಶೆಲ್ಲಾ, ಕಂಪೈಲರಾ, ಲಿಂಕರಾ, ಇಲ್ಲಾ ಓಡುತ್ತಿರುವ ನಮ್ಮ ಪ್ರೋಗ್ರಾಮಾ? ಅದು ಗೊತ್ತಾದರೆ ಹುಡುಕಬೇಕಾದ ಜಾಗವೂ ಗೊತ್ತಾಗುತ್ತದೆ.

1. ಶೆಲ್ ಮಾತಾಡಿದರೆ

‘ಕಮಾಂಡ್ ನಾಟ್ ಫೌಂಡ್’ ಅಂದರೆ ನೀವು ಕರೆದ ಹೆಸರಿನವರು ಶೆಲ್‌ಗೆ ಸಿಗಲಿಲ್ಲ ಅಂತ. ಜಿಸಿಸಿ ಅನ್ನೋದರ ಸ್ಪೆಲಿಂಗ್ ನೋಡಿ. ಅದು ಸರಿಯಿದ್ದರೆ ಕಂಪೈಲರ್ ಇನ್‌ಸ್ಟಾಲ್ ಆಗಿಲ್ಲದಿರಬಹುದು.

ಕಂಪೈಲ್ ಆದಮೇಲೆ ಬರೀ ಎ.ಔಟ್ ಅಂತ ಹೊಡೆದರೂ ಇದೇ ಉತ್ತರ ಬರುತ್ತದೆ. ಫೈಲ್ ಕಣ್ಣೆದುರೇ ಇದೆಯಲ್ಲ ಅಂತೀರಾ? ಶೆಲ್ ಹುಡುಕೋದು ಪಾತ್ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳಲ್ಲಿ ಮಾತ್ರ. ನಾವು ನಿಂತಿರುವ ಫೋಲ್ಡರ್ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರೋದಿಲ್ಲ. ಅದಕ್ಕೇ ಮುಂದೆ ಒಂದು ಚುಕ್ಕಿ, ಒಂದು ಓರೆಗೆರೆ ಸೇರಿಸಿ ./ಎ.ಔಟ್ ಅನ್ನಬೇಕು. ಚುಕ್ಕಿ ಅಂದರೆ ‘ಈ ಫೋಲ್ಡರ್’.

ಇದರದೇ ತಮ್ಮ ಇನ್ನೊಂದಿದೆ. ಪ್ರೋಗ್ರಾಮಿಗೆ ‘ಟೆಸ್ಟ್’ ಅಂತ ಹೆಸರಿಟ್ಟು, ಚುಕ್ಕಿ ಹಾಕದೆ ಓಡಿಸಿ ನೋಡಿ. ಎರರೂ ಇಲ್ಲ, ಔಟ್‌ಪುಟ್ಟೂ ಇಲ್ಲ! ಟೆಸ್ಟ್ ಅನ್ನೋ ಕಮಾಂಡ್ ಶೆಲ್ ಒಳಗೇ ಇದೆ. ಓಡಿದ್ದು ಅದು, ನಿಮ್ಮದಲ್ಲ.

‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಬಂದರೆ ಪಿಡಬ್ಲ್ಯುಡಿ ಹೊಡೆದು ಎಲ್ಲಿದ್ದೀರಿ ನೋಡಿ, ಎಲ್‌ಎಸ್ ಹೊಡೆದು ಫೈಲಿನ ಹೆಸರು ನೋಡಿ. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಹೆಸರಿನ ನಡುವೆ ಸ್ಪೇಸ್ ಇದ್ದರೆ ಶೆಲ್ ಅದನ್ನು ಎರಡು ಫೈಲ್ ಅಂದುಕೊಳ್ಳುತ್ತದೆ.

‘ಪರ್ಮಿಷನ್ ಡಿನೈಡ್’ ಬಂದರೆ .ಸಿ ಫೈಲನ್ನೇ ಓಡಿಸಲು ಹೋಗಿದ್ದೀರಾ ನೋಡಿ. ಕೆಲಸ ಪೆನ್‌ಡ್ರೈವ್‌ನಲ್ಲಿದ್ದರೆ ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿ. ಎಷ್ಟೋ ಸಿಸ್ಟಮ್‌ಗಳು ಪೆನ್‌ಡ್ರೈವ್‌ನೊಳಗಿನ ಪ್ರೋಗ್ರಾಂ ಓಡಿಸಲು ಬಿಡುವುದಿಲ್ಲ.

2. ಕಂಪೈಲರ್ ಮಾತಾಡಿದರೆ

ಗುರುತು ಸುಲಭ: ಫೈಲ್ ಹೆಸರು, ಸಾಲಿನ ಸಂಖ್ಯೆ, ಆ ಸಾಲಿನಲ್ಲಿ ಎಷ್ಟನೇ ಅಕ್ಷರ, ಆಮೇಲೆ ‘ಎರರ್’. ಇಪ್ಪತ್ತು ಎರರ್ ಬಂದರೂ ಹೆದರಬೇಡಿ. ಸ್ಕ್ರೀನನ್ನು ಮೇಲಕ್ಕೆ ಸರಿಸಿ ಮೊದಲನೆಯದನ್ನು ಮಾತ್ರ ಓದಿ, ಸರಿಮಾಡಿ, ಮತ್ತೆ ಕಂಪೈಲ್ ಮಾಡಿ. ಒಂದು ಬ್ರಾಕೆಟ್ ಬಿಟ್ಟುಹೋದರೆ ಅದರ ಕೆಳಗಿನ ಸಾಲುಗಳೆಲ್ಲ ಕಂಪೈಲರ್ ಕಣ್ಣಿಗೆ ತಪ್ಪಾಗಿ ಕಾಣುತ್ತವೆ. ತೋರಿಸಿದ ಸಾಲು ಸರಿಯಾಗೇ ಇದ್ದರೆ ಅದರ ಹಿಂದಿನ ಸಾಲು ನೋಡಿ. ಸೆಮಿಕೋಲನ್ ಅಲ್ಲಿ ಬಿಟ್ಟಿರುತ್ತೀರಿ.

ಇಲ್ಲೇ ಒಂದು ಮೋಸ ಇದೆ. ಕಂಪೈಲ್ ಫೇಲ್ ಆದರೂ ಹಿಂದಿನ ಸಲದ ಎ.ಔಟ್ ಹಾಗೇ ಉಳಿದಿರುತ್ತದೆ. ನೀವು ಎರರ್ ಗಮನಿಸದೆ ಅದನ್ನೇ ಓಡಿಸಿ, ‘ಕೋಡ್ ಬದಲಾಯಿಸಿದ್ರೂ ಔಟ್‌ಪುಟ್ ಅದೇ ಬರ್ತಿದೆ’ ಅಂತ ತಲೆ ಕೆಡಿಸಿಕೊಳ್ತೀರಿ. ಇದಕ್ಕೆ ಔಷಧ ಎರಡೂ ಕಮಾಂಡ್ ಸೇರಿಸಿ ಹೊಡೆಯೋದು:

ಜಿಸಿಸಿ ಮೂಲ.ಸಿ && ./ಎ.ಔಟ್

ಮೊದಲನೆಯದು ಗೆದ್ದರೆ ಮಾತ್ರ ಎರಡನೆಯದು ಓಡುತ್ತದೆ.

3. ಲಿಂಕರ್ ಮಾತಾಡಿದರೆ

‘ಅನ್‌ಡಿಫೈನ್ಡ್ ರೆಫರೆನ್ಸ್’, ಕೊನೆಯಲ್ಲಿ ‘ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್’. ನಮ್ಮ ಗೆಳೆಯ ಸಿಕ್ಕಿಬಿದ್ದದ್ದು ಇಲ್ಲೇ. ಮ್ಯಾಥ್.ಎಚ್ ಇನ್‌ಕ್ಲೂಡ್ ಮಾಡಿದ್ದೀನಲ್ಲ ಅಂತ ಅವನ ವಾದ. ಹೆಡರ್ ಫೈಲ್ ಹೋಟೆಲಿನ ಬೋರ್ಡ್ ಇದ್ದ ಹಾಗೆ: ಮಸಾಲೆ ದೋಸೆ ಇದೆ ಅಂತ ಹೇಳುತ್ತದೆ. ದೋಸೆ ಬರಬೇಕಾದ್ದು ಅಡುಗೆಮನೆಯಿಂದ, ಅಂದರೆ ಲೈಬ್ರರಿಯಿಂದ. ಆ ಲೈಬ್ರರಿಯನ್ನು ಸೇರಿಸು ಅಂತ ಹೇಳೋದೇ -ಎಲ್‌ಎಂ:

ಜಿಸಿಸಿ ಮೂಲ.ಸಿ -ಎಲ್‌ಎಂ

ಅದು ಫೈಲ್ ಹೆಸರಿನ ನಂತರವೇ ಬರಲಿ. ಮೊದಲೇ ಹಾಕಿದರೆ ಉಬುಂಟುವಿನಲ್ಲಿ ಅದೇ ಎರರ್ ವಾಪಸ್ ಬರುತ್ತದೆ. ‘ಮೊನ್ನೆ -ಎಲ್‌ಎಂ ಇಲ್ಲದೆ ಓಡಿತ್ತಲ್ಲ?’ ಅಂದರೆ, ಮೊನ್ನೆ ನೀವು 25ರ ವರ್ಗಮೂಲವನ್ನು ನೇರವಾಗಿ ಕೇಳಿರಬಹುದು. ಸ್ಥಿರ ಸಂಖ್ಯೆ ಕೊಟ್ಟರೆ ಜಿಸಿಸಿ ಕಂಪೈಲ್ ಮಾಡುವಾಗಲೇ ಲೆಕ್ಕ ಮುಗಿಸಿಬಿಡುತ್ತದೆ. ವೇರಿಯಬಲ್ ಕೊಟ್ಟಾಗ ಲೈಬ್ರರಿ ಬೇಕೇ ಬೇಕು.

‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಮೇನ್’ ಬಂದರೆ ಮೇನ್ ಸ್ಪೆಲಿಂಗ್ ನೋಡಿ. ಅದಕ್ಕಿಂತ ಮೊದಲು ಫೈಲ್ ಸೇವ್ ಮಾಡಿದ್ದೀರಾ ನೋಡಿ. ಖಾಲಿ ಫೈಲ್ ಕಂಪೈಲ್ ಮಾಡಿದರೂ ಇದೇ ಬರುತ್ತದೆ.

4. ಓಡುವಾಗ ಬಿದ್ದರೆ

‘ಸೆಗ್ಮೆಂಟೇಷನ್ ಫಾಲ್ಟ್’ ಅಂದರೆ ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈಹಾಕಿದೆ. ಮೊದಲ ಅನುಮಾನ ಸ್ಕ್ಯಾನ್‌ಎಫ್‌ನಲ್ಲಿ ಬಿಟ್ಟ & ಮೇಲೆ, ಎರಡನೆಯದು ಅರೇಯ ಗಡಿ ದಾಟಿದ ಲೂಪ್ ಮೇಲೆ. ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಷನ್’ ಅಂತ ಬಂದರೆ ಹೆಸರು ನಂಬಬೇಡಿ. ಹೆಚ್ಚಾಗಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿರುತ್ತೀರಿ. ಇಂಥವು ಮುಂಚೆಯೇ ಸಿಗಲಿ ಅಂತಿದ್ದರೆ -ವಾಲ್ ಸೇರಿಸಿ ಕಂಪೈಲ್ ಮಾಡಿ. ‘ವಾರ್ನಿಂಗ್ ತಾನೇ’ ಅಂತ ಬಿಡಬೇಡಿ. & ಮರೆತದ್ದನ್ನು ಜಿಸಿಸಿ ವಾರ್ನಿಂಗ್‌ನಲ್ಲೇ ಹೇಳಿರುತ್ತದೆ.

ಈ ವಾರ ಒಂದು ಕೆಲಸ ಮಾಡಿ. ಸರಿಯಾಗಿ ಓಡುವ ಒಂದು ಪ್ರೋಗ್ರಾಂ ತಗೊಂಡು ಬೇಕಂತಲೇ ಕೆಡಿಸಿ: ಸೆಮಿಕೋಲನ್ ತೆಗೆಯಿರಿ, ಮೇನ್ ಸ್ಪೆಲಿಂಗ್ ತಪ್ಪಿಸಿ, -ಎಲ್‌ಎಂ ಬಿಡಿ. ಬಂದ ಸಾಲು ಮತ್ತು ಅದರ ಅರ್ಥವನ್ನು ಕನ್ನಡದಲ್ಲಿ ರೆಕಾರ್ಡ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ನಮ್ಮ ಗೆಳೆಯ ಹಾಗೆ ಎರಡು ಪುಟ ತುಂಬಿಸಿದ. ಈಗ ಲ್ಯಾಬ್‌ನಲ್ಲಿ ಎರರ್ ಬಂದರೆ ಅಕ್ಕಪಕ್ಕದವರು ಕರೆಯೋದು ಅವನನ್ನೇ.