ಹಾರ್ಡ್ ಡಿಸ್ಕಿನ ಕಿರುಗಣಜ: ಗಾತ್ರ ಹೆಚ್ಚಿದರೆ ವೇಗ ಹೆಚ್ಚುವುದೆ?

ವಿದ್ಯೆಗೆ ಉಪಕರಣಗಳು ಬೇಕು; ಉಪಕರಣಗಳಿಗೆ ಧನ ಬೇಕು; ಆ ಧನವನ್ನು ಯಾವುದಕ್ಕೆ ಮೊದಲು ವಿನಿಯೋಗಿಸಬೇಕೆಂಬುದಕ್ಕೆ ವಿವೇಕ ಬೇಕು. ಒಂದು ಕಾಲಕ್ಕೆ ಕರಿಹಲಗೆ, ಭೂಪಟ, ಗ್ರಂಥಭಂಡಾರಗಳಿಗೆ ಮೀಸಲಾಗಿದ್ದ ದಾನಿಗಳ ಔದಾರ್ಯವು ಈಗ ಗಣಕಯಂತ್ರಗಳ ಕಡೆಗೂ ಹರಿದಿದೆ. ೨೦೦೪ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಯೋಜನೆಯನ್ನು ಆರಂಭಿಸಿದ ಮೇಲೆ ಗ್ರಾಮೀಣ ಪ್ರೌಢಶಾಲೆಗಳಲ್ಲಿಯೂ ಈ ಯಂತ್ರವು ಅಪರೂಪದ ವಸ್ತುವಾಗಿ ಉಳಿಯಲಿಲ್ಲ. ಆದರೆ ಯಂತ್ರಗಳಿಗೂ ಮುಪ್ಪುಂಟು. ಹಳೆಯದಾದ ಯಂತ್ರವು ನಿಧಾನವಾದಾಗ ಅದರ ಯಾವ ಅಂಗವನ್ನು ಬದಲಿಸಿದರೆ ಚೈತನ್ಯ ಬಂದೀತೆಂಬ ಪ್ರಶ್ನೆ ಶಾಲೆಗಳ ಮುಂದೆ ನಿಲ್ಲುತ್ತದೆ. ಔರಾದ ತಾಲ್ಲೂಕಿನ ಸಂತಪುರದಂತಹ ಊರಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿ ತಪ್ಪಾಗಿ ಕೊಂಡ ವಸ್ತುವನ್ನು ಸುಲಭವಾಗಿ ಬದಲಿಸಿಕೊಳ್ಳಲಾಗದು. ಒಮ್ಮೆ ವ್ಯಯವಾದ ದಾನದ ಹಣ ಮತ್ತೆ ಬಾರದು.

ಅಂಗಡಿಯ ದರಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಹೆಸರಿನ ಮುಂದೆ '೬೪ ಎಂ.ಬಿ. ಕ್ಯಾಶ್', '೨೫೬ ಎಂ.ಬಿ. ಕ್ಯಾಶ್' ಎಂಬ ಬರಹವಿರುತ್ತದೆ. ದೊಡ್ಡ ಸಂಖ್ಯೆಯದು ಹೆಚ್ಚು ವೇಗದ್ದೆಂಬ ಭಾವನೆ ಸಾಮಾನ್ಯ. ಇದು ಎಷ್ಟರಮಟ್ಟಿಗೆ ದಿಟ ಎಂಬುದನ್ನು ಶಾಸ್ತ್ರಗ್ರಂಥಗಳ ಕ್ರಮದಂತೆ ವಿಷಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನವೆಂದು ವಿಭಾಗಿಸಿ ವಿವೇಚಿಸುವುದು ಉಚಿತ.

ವಿಷಯ

'ಕ್ಯಾಶ್' ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಗದು ಹಣವೆಂದು ತಿಳಿಯುವುದು ಸಹಜ. ಉಚ್ಚಾರಣೆ ಒಂದೇ ಆದರೂ ಇದು ಬೇರೆಯ ಶಬ್ದ. 'ಬಚ್ಚಿಡು' ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿ ಇಂಗ್ಲಿಷಿಗೆ ಬಂದಿದೆ. ಮುಂದೆ ಬೇಕಾದೀತೆಂದು ಕೈಗೆಟಕುವಂತೆ ತೆಗೆದಿರಿಸಿದ ಸಣ್ಣ ಸಂಗ್ರಹವೆಂಬುದು ಇಲ್ಲಿಯ ಅಭಿಪ್ರಾಯ. ಕನ್ನಡದಲ್ಲಿ 'ಕಿರುಗಣಜ' ಎಂದರೆ ಒಪ್ಪುತ್ತದೆ.

ಮೊಟ್ಟಮೊದಲ ಹಾರ್ಡ್ ಡಿಸ್ಕ್ ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯ 'ರಾಮ್ಯಾಕ್' ಯಂತ್ರದೊಡನೆ ಬಂದಿತು. ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಲ್ಲಿ ಅದು ಹಿಡಿದಿಡುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ನಿಧಾನವಾದ ದೊಡ್ಡ ಸ್ಮೃತಿಯ ಮುಂದೆ ವೇಗವಾದ ಸಣ್ಣ ಸ್ಮೃತಿಯನ್ನಿರಿಸುವ ವಿಚಾರವನ್ನು ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಅವರು ೧೯೬೫ರಲ್ಲಿ ಪ್ರಕಟಿಸಿದರು. ೧೯೬೮ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ೩೬೦ ಶ್ರೇಣಿಯ ೮೫ನೆಯ ಮಾದರಿಯಲ್ಲಿ ಅದನ್ನು ಅಳವಡಿಸಿತು. 'ಕ್ಯಾಶ್' ಎಂಬ ಹೆಸರು ರೂಢಿಗೆ ಬಂದುದೂ ಆಗಲೇ. ಅದು ಗಣಕದ ಸಂಸ್ಕಾರಕದ ಬಳಿಯ ಕಿರುಗಣಜ. ಕಾಲಕ್ರಮದಲ್ಲಿ ಹಾರ್ಡ್ ಡಿಸ್ಕಿನ ಒಡಲಲ್ಲಿಯೂ ಇಂತಹುದೊಂದು ಸೇರಿತು.

ಈ ಸ್ಮೃತಿಗಳ ಅನುಕ್ರಮವನ್ನು ನಮ್ಮ ಒಕ್ಕಲುತನದ ನಿದರ್ಶನದಿಂದ ತಿಳಿಯಬಹುದು. ಉತ್ತರ ಕರ್ನಾಟಕದ ಹಿಂದಿನ ಮನೆಗಳಲ್ಲಿ ವರ್ಷದ ಜೋಳವು ನೆಲದೊಳಗಿನ ಹಗೇವಿನಲ್ಲಿರುತ್ತಿತ್ತು. ಹಗೇವಿನ ಬಾಯಿ ತೆರೆದು, ಪುಟ್ಟಿಯಲ್ಲಿ ತುಂಬಿ ತಂದ ಕಾಳು ಮನೆಯೊಳಗಿನ ಕಣಜಕ್ಕೆ ಬರುತ್ತಿತ್ತು. ಬೀಸಿದ ಹಿಟ್ಟು ಒಲೆಯ ಬಳಿಯ ಡಬ್ಬಿಯಲ್ಲಿರುತ್ತಿತ್ತು. ಗಣಕಯಂತ್ರದಲ್ಲಿ ತಟ್ಟೆಗಳುಳ್ಳ ಹಾರ್ಡ್ ಡಿಸ್ಕೇ ಹಗೇವು. ಡಿಸ್ಕಿನ ಕಿರುಗಣಜವು ಹಗೇವಿನ ಬಾಯಿಯಲ್ಲಿರುವ ಪುಟ್ಟಿ. 'ರ‍್ಯಾಮ್' ಎಂಬ ಮುಖ್ಯ ಸ್ಮೃತಿಯು ಮನೆಯೊಳಗಿನ ಕಣಜ. ಸಂಸ್ಕಾರಕದ ಕಿರುಗಣಜವು ಹಿಟ್ಟಿನ ಡಬ್ಬಿ. ಇಲ್ಲಿ ಚರ್ಚೆಗೆ ಬಂದಿರುವುದು ಪುಟ್ಟಿಯ ಗಾತ್ರವೊಂದೇ ಎಂಬುದನ್ನು ನೆನಪಿನಲ್ಲಿಡಬೇಕು.

ಹಗೇವಿನಿಂದ ತರುವುದು ನಿಧಾನವೇಕೆ? ಡಿಸ್ಕಿನ ತಟ್ಟೆಯು ನಿಮಿಷಕ್ಕೆ ೭,೨೦೦ ಸುತ್ತು, ಎಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು ೮.೩ ಮಿಲಿಸೆಕೆಂಡು. ಬೇಕಾದ ಭಾಗವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಾದ ವರ್ತುಲಕ್ಕೆ ಸರಿಯಲು ಇನ್ನೂ ಸುಮಾರು ೯ ಮಿಲಿಸೆಕೆಂಡು. ಒಟ್ಟು ೧೩ ಮಿಲಿಸೆಕೆಂಡು ಹಿಡಿದರೆ, ಚದುರಿ ಬಿದ್ದ ಸಾವಿರ ಸಣ್ಣ ತುಣುಕುಗಳನ್ನು ಆಯ್ದು ತರಲು ೧೩ ಸೆಕೆಂಡುಗಳು ಬೇಕು. ಯಂತ್ರವನ್ನು ಚಾಲೂ ಮಾಡಿದಾಗ, ತಂತ್ರಾಂಶವನ್ನು ತೆರೆದಾಗ ನಡೆಯುವುದು ಬಹುಪಾಲು ಇಂತಹ ಆಯುವ ಕೆಲಸವೇ.

ಪೂರ್ವಪಕ್ಷ

ದೊಡ್ಡ ಕಿರುಗಣಜದ ಪರವಾಗಿ ಮೂರು ವಾದಗಳನ್ನು ಹೂಡಬಹುದು. ಮೊದಲನೆಯದು: ಕಿರುಗಣಜವು ವಿದ್ಯುನ್ಮಾನ ಸ್ಮೃತಿ, ತಟ್ಟೆಗಿಂತ ಸಾವಿರಾರು ಪಟ್ಟು ಶೀಘ್ರವಾದುದು, ಆದುದರಿಂದ ಅದರಲ್ಲಿ ಹೆಚ್ಚು ಇದ್ದಷ್ಟೂ ತಟ್ಟೆಯ ಕಡೆಗೆ ಹೋಗುವ ಪ್ರಮೇಯ ಕಡಿಮೆ. ಎರಡನೆಯದು: ಬರೆಯಬೇಕಾದುದನ್ನು ಡಿಸ್ಕು ಮೊದಲು ಕಿರುಗಣಜದಲ್ಲಿ ಸ್ವೀಕರಿಸಿ, ಬಳಿಕ ಸಾವಕಾಶವಾಗಿ ತಟ್ಟೆಗೆ ಬರೆಯುತ್ತದೆ, ಸ್ಥಳ ದೊಡ್ಡದಾದಷ್ಟೂ ಬರವಣಿಗೆ ಬೇಗ. ಮೂರನೆಯದು ಅನುಭವದ ವಾದ: ೨೦೦೧ರ ಸುಮಾರಿಗೆ ೨ ಎಂ.ಬಿ. ಸಾಮಾನ್ಯವಾಗಿದ್ದಾಗ ೮ ಎಂ.ಬಿ.ಯ ಡಿಸ್ಕುಗಳು ಬಂದವು. ಅವುಗಳಿಂದ ಅಳತೆಗೆ ಸಿಗುವಷ್ಟು ಲಾಭವಾದುದು ದಿಟ. ಹಾಗಾದರೆ ೨೫೬ರಿಂದ ಇನ್ನೆಷ್ಟು ಲಾಭವಾಗಲಾರದು?

ಸಿದ್ಧಾಂತ

ಈ ವಾದಗಳು ಮೇಲ್ನೋಟಕ್ಕೆ ಸಮಂಜಸವಾಗಿ ತೋರಿದರೂ ವಿಚಾರಕ್ಕೆ ನಿಲ್ಲಲಾರವು.

ಒಂದನೆಯ ವಾದಕ್ಕೆ ಉತ್ತರ ಪ್ರಮಾಣದಲ್ಲಿದೆ. ೧ ಟಿ.ಬಿ. ಎಂದರೆ ಹತ್ತು ಲಕ್ಷ ಎಂ.ಬಿ. ಅದರಲ್ಲಿ ೮ ಎಂ.ಬಿ. ಎಂದರೆ ೧,೨೫,೦೦೦ದಲ್ಲಿ ಒಂದು ಪಾಲು, ೬೪ ಎಂ.ಬಿ. ಎಂದರೆ ೧೫,೬೨೫ರಲ್ಲಿ ಒಂದು ಪಾಲು. ಮತ್ತೆ ಮತ್ತೆ ಬಳಸುವ ಮಾಹಿತಿ ಸ್ವಲ್ಪವೇ ಇರುವುದರಿಂದ ಈ ಪಾಲೂ ಸಾಕೆನ್ನಬಹುದು. ಆದರೆ ಇಲ್ಲಿಯೇ ಮುಖ್ಯವಾದ ಆಕ್ಷೇಪವಿದೆ. ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳು ಡಿಸ್ಕಿನಿಂದ ಒಮ್ಮೆ ತಂದುದನ್ನು ರ‍್ಯಾಮಿನ ಬಿಡುವಿನ ಭಾಗದಲ್ಲಿ ಇರಿಸಿಕೊಳ್ಳುತ್ತವೆ. ೮ ಜಿ.ಬಿ. ರ‍್ಯಾಮ್ ಇರುವ ಯಂತ್ರದಲ್ಲಿ ಇಂತಹ ಬಿಡುವು ೨-೩ ಜಿ.ಬಿ. ಇರುವುದು ಸಾಮಾನ್ಯ; ಅದು ೬೪ ಎಂ.ಬಿ.ಗಿಂತ ಮೂವತ್ತು, ನಲವತ್ತು ಪಟ್ಟು ದೊಡ್ಡದು. ಪುನಃ ಬೇಕಾದ ಮಾಹಿತಿಯು ಅಲ್ಲಿಯೇ ದೊರೆಯುವುದರಿಂದ ಡಿಸ್ಕಿನವರೆಗೆ ಕೋರಿಕೆ ಹೋಗುವುದೇ ಇಲ್ಲ. ಮನೆಯ ಕಣಜದಲ್ಲಿ ಕಾಳಿರುವಾಗ ಹಗೇವಿನ ಬಾಯಿಯ ಪುಟ್ಟಿಯನ್ನು ಯಾರು ಕೇಳುತ್ತಾರೆ? ಮನೆಯಲ್ಲಿಲ್ಲದ ಹೊಸ ಕಾಳು ಬೇಕಾದಾಗ ಅದು ಪುಟ್ಟಿಯಲ್ಲಿಯೂ ಇರುವ ಸಂಭವ ಕಡಿಮೆ.

ಒಂದು ಲೆಕ್ಕವನ್ನು ನೋಡಬಹುದು. ಕಿರುಗಣಜವನ್ನು ಹಿಗ್ಗಿಸಿದ್ದರಿಂದ ನೂರಕ್ಕೆ ಒಂದರಷ್ಟು ದೊರೆಯುತ್ತಿದ್ದ ತುಣುಕುಗಳು ನೂರಕ್ಕೆ ಎರಡಾದವೆಂದು ಭಾವಿಸೋಣ. ಮೇಲೆ ಹೇಳಿದ ಸಾವಿರ ತುಣುಕುಗಳ ಕೆಲಸ ೧೨.೮೭ ಸೆಕೆಂಡಿನಿಂದ ೧೨.೭೪ ಸೆಕೆಂಡಿಗೆ ಇಳಿಯುತ್ತದೆ. ದೊರೆಯುವಿಕೆ ಇಮ್ಮಡಿಯಾದರೂ ಉಳಿದುದು ಸೆಕೆಂಡಿನ ಎಂಟನೆಯ ಒಂದಂಶ. ಇದು ಗಡಿಯಾರಕ್ಕೆ ತಿಳಿದೀತೇ ಹೊರತು ಕುರ್ಚಿಯಲ್ಲಿ ಕುಳಿತ ವಿದ್ಯಾರ್ಥಿಗೆ ತಿಳಿಯದು.

ಎರಡನೆಯ ವಾದಕ್ಕೂ ಲೆಕ್ಕವೇ ಉತ್ತರ. ೨,೦೦೦ ಎಂ.ಬಿ.ಯ ಒಂದು ಚಲನಚಿತ್ರ ಪಾಠವನ್ನು ಸೆಕೆಂಡಿಗೆ ೧೫೦ ಎಂ.ಬಿ. ಬರೆಯಬಲ್ಲ ಡಿಸ್ಕಿಗೆ ನಕಲು ಮಾಡಲು ೧೩ ಸೆಕೆಂಡಿಗೂ ಸ್ವಲ್ಪ ಹೆಚ್ಚು ಕಾಲ ಬೇಕು. ೬೪ ಎಂ.ಬಿ.ಯ ಕಿರುಗಣಜವು ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯ ಭಾರವನ್ನು ಮಾತ್ರ ಹೊರಬಲ್ಲದು. ಅದು ತುಂಬಿದ ಬಳಿಕ ತಟ್ಟೆಯ ವೇಗವೇ ಕೆಲಸದ ವೇಗ.

ಮೂರನೆಯದು ಅನುಭವದ ವಾದ. ೨೦೦೧ರ ಕಾಲದ ಯಂತ್ರಗಳಲ್ಲಿ ರ‍್ಯಾಮ್ ೧೨೮ ಅಥವಾ ೨೫೬ ಎಂ.ಬಿ. ಮಾತ್ರ ಇರುತ್ತಿತ್ತು. ಮನೆಯ ಕಣಜ ಚಿಕ್ಕದಾಗಿದ್ದಾಗ ಪುಟ್ಟಿ ಹಿಗ್ಗಿದರೆ ಅನುಕೂಲವಾಗುವುದು ಸರಿಯೇ. ಅಲ್ಲದೆ, ಮುಂದೆ ಬೇಕಾಗಬಹುದಾದುದನ್ನು ಮೊದಲೇ ಓದಿಡುವುದು, ಬಂದ ಕೋರಿಕೆಗಳನ್ನು ಮುಳ್ಳಿನ ಚಲನೆಗೆ ಅನುಕೂಲವಾಗಿ ಅಣಿಗೊಳಿಸುವುದು ಕಿರುಗಣಜದ ನಿಜವಾದ ಉಪಕಾರಗಳು. ಇವುಗಳಿಗೆ ಹೆಚ್ಚು ಸ್ಥಳ ಬೇಡ. ಸೆಕೆಂಡಿಗೆ ೧೫೦ ಎಂ.ಬಿ. ಓದುವ ಡಿಸ್ಕು ಅಷ್ಟರಲ್ಲಿ ೧೨೦ ಸುತ್ತು ತಿರುಗುವುದರಿಂದ ಒಂದು ವರ್ತುಲದಲ್ಲಿರುವುದು ೧.೨೫ ಎಂ.ಬಿ. ಮಾತ್ರ. ಹತ್ತಾರು ವರ್ತುಲಗಳನ್ನು ಓದಿಟ್ಟುಕೊಂಡರೂ ಕೆಲವು ಹತ್ತು ಎಂ.ಬಿ. ಸಾಕು. ಕಿರುಗಣಜವು ಇಲ್ಲದಿರುವುದಕ್ಕೂ ಇರುವುದಕ್ಕೂ ಬಹಳ ಅಂತರವುಂಟು. ಇರುವುದಕ್ಕೂ ಇನ್ನೂ ದೊಡ್ಡದಿರುವುದಕ್ಕೂ ಅಂತರ ಅತ್ಯಲ್ಪ.

ವಚನರಾಶಿಯ ನಿದರ್ಶನ

ಕನ್ನಡಿಗರಿಗೆ ಹತ್ತಿರವಾದ ಉದಾಹರಣೆಯೊಂದನ್ನು ಕೊಡಬಹುದು. ಕರ್ನಾಟಕ ಸರಕಾರವು ೧೯೯೩ರಲ್ಲಿ ಮೊದಲು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ೧೫. ಅವುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ವಚನಗಳಿವೆ. ವಚನವೊಂದಕ್ಕೆ ೪೦೦ ಸಂಕೇತಗಳೆಂದು ಹಿಡಿದು, ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ೩ ಬೈಟುಗಳಂತೆ ಗುಣಿಸಿದರೆ, ಇಪ್ಪತ್ತು ಸಾವಿರ ವಚನಗಳಿಗೆ ೨೪ ಎಂ.ಬಿ. ಆಗುತ್ತದೆ. ಇಡೀ ವಚನರಾಶಿಯು ೮ ಎಂ.ಬಿ.ಯ ಕಿರುಗಣಜದಲ್ಲಿ ಹಿಡಿಯದು, ೬೪ರಲ್ಲಿ ಹಿಡಿಯುತ್ತದೆ. ಇಲ್ಲಿಯಾದರೂ ದೊಡ್ಡದು ಗೆಲ್ಲಬೇಕಲ್ಲವೆ?

ಗೆಲ್ಲುವುದಿಲ್ಲ. ವಿದ್ಯಾರ್ಥಿಯು 'ಕಾಯಕ' ಎಂಬ ಪದವನ್ನು ಮೊದಲ ಸಲ ಹುಡುಕಿದಾಗ ಕಡತವು ತಟ್ಟೆಯಿಂದಲೇ ಬರಬೇಕು. ಕಿರುಗಣಜವು ಎಷ್ಟು ದೊಡ್ಡದಿದ್ದರೂ ಅದರಲ್ಲಿ ಇನ್ನೂ ಏನೂ ಇಲ್ಲ. ಬಳಿಕ 'ದಾಸೋಹ' ಎಂಬ ಪದವನ್ನು ಹುಡುಕಿದಾಗ ಕಡತವು ರ‍್ಯಾಮಿನಲ್ಲಿಯೇ ಇರುತ್ತದೆ, ಡಿಸ್ಕನ್ನು ಕೇಳುವವರಿಲ್ಲ. ಮೊದಲ ಸಲ ಕಿರುಗಣಜಕ್ಕೆ ಶಕ್ತಿಯಿಲ್ಲ, ಎರಡನೆಯ ಸಲ ಅದಕ್ಕೆ ಅವಕಾಶವಿಲ್ಲ.

ಅಪವಾದಗಳು

ರ‍್ಯಾಮ್ ತೀರ ಕಡಿಮೆಯಿದ್ದು ಹೆಚ್ಚಿಸಲು ಬಾರದ ಹಳೆಯ ಯಂತ್ರಗಳಲ್ಲಿ ದೊಡ್ಡ ಕಿರುಗಣಜದಿಂದ ಅಲ್ಪ ಲಾಭವಿದ್ದೀತು. ಮಾಳಿಗೆಯ ಹೆಂಚುಗಳಂತೆ ವರ್ತುಲಗಳನ್ನು ಒಂದರ ಮೇಲೊಂದು ಚಾಚಿ ಬರೆಯುವ ಡಿಸ್ಕುಗಳಿವೆ. ಅವುಗಳಲ್ಲಿ ಒಂದು ಭಾಗವನ್ನು ತಿದ್ದಲು ನೆರೆಯ ಭಾಗಗಳನ್ನೂ ಮತ್ತೆ ಬರೆಯಬೇಕಾಗುವುದರಿಂದ ದೊಡ್ಡ ಕಿರುಗಣಜವನ್ನು ಕೊಟ್ಟಿರುತ್ತಾರೆ. ಅಲ್ಲಿ ೨೫೬ ಎಂಬ ಸಂಖ್ಯೆಯು ಶೀಘ್ರತೆಯ ಗುರುತಾಗಿರದೆ, ಮಂದಗತಿಗೆ ಮಾಡಿದ ಪರಿಹಾರವೂ ಆಗಿರಬಹುದು. ೨೦೧೦ರಲ್ಲಿ ಸೀಗೇಟ್ ಸಂಸ್ಥೆಯು ೫೦೦ ಜಿ.ಬಿ.ಯ ತಟ್ಟೆಗಳೊಡನೆ ೪ ಜಿ.ಬಿ. ಫ್ಲ್ಯಾಶ್ ಸ್ಮೃತಿಯನ್ನು ಸೇರಿಸಿದ ಮಿಶ್ರ ಡಿಸ್ಕನ್ನು ತಂದಿತು. ವಿದ್ಯುತ್ತು ಹೋದರೂ ಅಳಿಯದ ಸ್ಮೃತಿಯಾದುದರಿಂದ, ಮರುದಿನ ಯಂತ್ರವನ್ನು ಚಾಲೂ ಮಾಡುವಾಗಲೂ ಅದು ನೆರವಾಗುತ್ತಿತ್ತು. ಅಲ್ಲಿ ಗಾತ್ರದೊಡನೆ ಗುಣವೂ ಬೇರೆಯಾಗಿತ್ತೆಂಬುದನ್ನು ಗಮನಿಸಬೇಕು.

ವಿದ್ಯುತ್ತಿನ ವ್ಯತ್ಯಯ

ವೇಗಕ್ಕಿಂತ ಗಂಭೀರವಾದ ವಿಷಯ ಇದು. ಡಿಸ್ಕಿನ ಸಾಮಾನ್ಯ ಕಿರುಗಣಜವು ವಿದ್ಯುತ್ತು ಇರುವವರೆಗೆ ಮಾತ್ರ ನೆನಪಿಡುತ್ತದೆ. 'ಬರೆದಾಯಿತು' ಎಂದು ಡಿಸ್ಕು ಉತ್ತರ ಕೊಟ್ಟ ಮಾಹಿತಿಯು ಇನ್ನೂ ತಟ್ಟೆಯನ್ನು ಸೇರದೆ ಕಿರುಗಣಜದಲ್ಲಿಯೇ ಇರಬಹುದು. ಆಗ ವಿದ್ಯುತ್ತು ಹೋದರೆ ಹಗೇವಿಗೆ ಸೇರುವ ಮುನ್ನ ಪುಟ್ಟಿಯಲ್ಲಿದ್ದ ಕಾಳು ಮಳೆಗೆ ಸಿಕ್ಕಂತೆ. ಕಾರ್ಯಾಚರಣ ವ್ಯವಸ್ಥೆಯು ಆಗಾಗ 'ಎಲ್ಲವನ್ನೂ ತಟ್ಟೆಗೆ ಇಳಿಸು' ಎಂದು ಆಜ್ಞೆ ಮಾಡುತ್ತದೆ. ಕಡತಗಳ ವ್ಯವಸ್ಥೆಯೇ ಕುಸಿಯದಂತೆ ದಿನಚರಿಯನ್ನೂ ಬರೆದಿಡುತ್ತದೆ. ಆದರೂ ಕೊನೆಯ ಕ್ಷಣದ ಬರಹಕ್ಕೆ ಭರವಸೆಯಿಲ್ಲ. ಪರೀಕ್ಷೆಯ ಅಂಕಗಳನ್ನು ದಾಖಲಿಸುವ ಬೇಸಗೆಯ ದಿನಗಳಲ್ಲಿ ವಿದ್ಯುತ್ತಿನ ವ್ಯತ್ಯಯವೂ ಹೆಚ್ಚು. ಒಬ್ಬ ಶಿಕ್ಷಕರ ದಿನವಿಡೀ ಶ್ರಮ, ಒಬ್ಬ ವಿದ್ಯಾರ್ಥಿಯ ಫಲಿತಾಂಶ ಇದರ ಮೇಲೆ ನಿಂತಿರುತ್ತದೆ. ಆದುದರಿಂದ ಕಿರುಗಣಜದ ಗಾತ್ರಕ್ಕೆ ತೆರುವ ಹೆಚ್ಚಿನ ಹಣವು ಯು.ಪಿ.ಎಸ್. ಎಂಬ ವಿದ್ಯುತ್ ಸಂಚಯ ಸಾಧನಕ್ಕೆ ಸಂದರೆ ಹೆಚ್ಚು ಸಾರ್ಥಕ.

ಪ್ರಯೋಜನ

ಈ ವಿವೇಚನೆಯಿಂದ ಶಾಲೆಗಳಿಗೆ ಆಗುವ ಪ್ರಯೋಜನವೇನು? ಹಣ ಕೊಡುವ ಮುನ್ನ ಯಂತ್ರದ ರೋಗವನ್ನು ತಿಳಿಯಬೇಕು. ವಿಂಡೋಸ್ ವ್ಯವಸ್ಥೆಯ 'ಟಾಸ್ಕ್ ಮ್ಯಾನೇಜರ್' ತೆರೆದರೆ ಸ್ಮೃತಿ, ಡಿಸ್ಕುಗಳ ಬಳಕೆಯು ಶೇಕಡಾವಾರು ಕಾಣುತ್ತದೆ. ಸ್ಮೃತಿಯು ತುಂಬಿ ತುಳುಕುತ್ತಿದ್ದರೆ ಮೊದಲು ರ‍್ಯಾಮನ್ನು ಹೆಚ್ಚಿಸಬೇಕು. ಹಳೆಯ ಯಂತ್ರಕ್ಕೆ ಡಿ.ಡಿ.ಆರ್.೨, ೩, ೪ ಇವುಗಳಲ್ಲಿ ಯಾವುದು ಹೊಂದುವುದೆಂದು ನೋಡಿ ಕೊಳ್ಳಬೇಕು. ಸ್ಮೃತಿಯಲ್ಲಿ ಬಿಡುವಿದ್ದು ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದ್ದರೆ ತಟ್ಟೆಯ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಬೇಕು. ಅದರಲ್ಲಿ ತಿರುಗುವ ತಟ್ಟೆಯಾಗಲಿ ಸರಿಯುವ ಮುಳ್ಳಾಗಲಿ ಇಲ್ಲ. ತುಣುಕೊಂದಕ್ಕೆ ಸುಮಾರು ಮಿಲಿಸೆಕೆಂಡಿನ ಹತ್ತನೆಯ ಒಂದಂಶ ಸಾಕು. ೧೩ ಸೆಕೆಂಡಿನ ಆಯುವ ಕೆಲಸ ಸೆಕೆಂಡಿನ ಹತ್ತನೆಯ ಒಂದಂಶದ ಆಸುಪಾಸಿಗೆ ಇಳಿಯುತ್ತದೆ. ಈ ಅಂತರವನ್ನು ಯಾರೂ ಅಳೆದು ತೋರಿಸಬೇಕಾಗಿಲ್ಲ. ಸಾಟಾ ಜೋಡಣೆಯಿರುವ ಹಳೆಯ ಯಂತ್ರಗಳಿಗೂ ಇದು ಹೊಂದುತ್ತದೆ. ಅಗಲ ಪಟ್ಟಿಯ ಐ.ಡಿ.ಇ. ಜೋಡಣೆಯ ಯಂತ್ರಗಳಿಗೆ ನೇರವಾಗಿ ಹೊಂದದು. ತೆಗೆದಿರಿಸಿದ ಹಳೆಯ ಡಿಸ್ಕು ಸುಸ್ಥಿತಿಯಲ್ಲಿದ್ದರೆ ದಾಖಲೆಗಳ ಎರಡನೆಯ ಪ್ರತಿಯನ್ನು ಇಡಲು ಒದಗುತ್ತದೆ. ಎರಡೂ ಅಂಗಗಳು ಬಿಡುವಾಗಿದ್ದು ಅಂತರ್ಜಾಲದ ಪುಟಗಳು ಮಾತ್ರ ತಡವಾಗುತ್ತಿದ್ದರೆ ದೋಷವು ಸಂಪರ್ಕದ್ದು. ವಿದ್ಯಾರ್ಥಿಗಳ ವಿವರವನ್ನು ಅಂತರ್ಜಾಲದ ಮೂಲಕ ದಾಖಲಿಸುವ ಸರಕಾರದ 'ಸ್ಯಾಟ್ಸ್' ಪುಟಗಳಿಗೆ ಯಾವ ಡಿಸ್ಕೂ ವೇಗ ಕೊಡಲಾರದು.

ಆದ್ಯತೆಯ ಕ್ರಮ ಹೀಗಾಗುತ್ತದೆ: ಸಾಕಷ್ಟು ರ‍್ಯಾಮ್, ಬಳಿಕ ಎಸ್.ಎಸ್.ಡಿ., ಇವೆರಡರ ಜೊತೆಗೆ ಯು.ಪಿ.ಎಸ್. ಹಾಗೂ ಎರಡನೆಯ ಪ್ರತಿ. ತಟ್ಟೆಯ ಡಿಸ್ಕನ್ನೇ ಕೊಳ್ಳಬೇಕಾದ ಸಂದರ್ಭದಲ್ಲಿ ತಟ್ಟೆಯ ಸುತ್ತಿನ ವೇಗ, ಬರವಣಿಗೆಯ ವಿಧಾನ, ಖಾತರಿಯ ಅವಧಿಗಳನ್ನು ನೋಡಿ, ಉಳಿದುದೆಲ್ಲ ಸಮವಾಗಿದ್ದರೆ ಮಾತ್ರ ಕಿರುಗಣಜದ ಗಾತ್ರವನ್ನು ನೋಡಬಹುದು.

ನಲವತ್ತು ನಿಮಿಷದ ಅವಧಿಯಲ್ಲಿ ಯಂತ್ರವು ಸಿದ್ಧವಾಗಲು ಐದು ನಿಮಿಷ ತೆಗೆದುಕೊಂಡರೆ ಪಾಠದ ಎಂಟನೆಯ ಒಂದು ಪಾಲು ಹೋದಂತೆ. ಮನೆಯಲ್ಲಿ ಯಂತ್ರವಿಲ್ಲದ ಮಗುವಿಗೆ ವಾರದಲ್ಲಿ ದೊರೆಯುವುದು ಇಂತಹ ಒಂದೆರಡು ಅವಧಿಗಳೇ. ದಾನಿಗಳ ದ್ರವ್ಯವೂ ಶಿಕ್ಷಕರ ವಿವೇಕವೂ ಕೂಡಿ ಆ ಐದು ನಿಮಿಷಗಳನ್ನು ಮಗುವಿಗೆ ಮರಳಿ ಕೊಡಿಸುವಂತಾಗಲಿ.