ಎಡಗಾಲು ಪಳಗಿದರೆ ಕ್ಲಚ್ ಉಳಿದಂತೆ: 11 ಸೂತ್ರಗಳು

ಒಂದೇ ಮಾಡೆಲ್‌ನ ಎರಡು ಕಾರು. ಒಂದರ ಕ್ಲಚ್ ಪ್ಲೇಟ್ ಲಕ್ಷ ಕಿಲೋಮೀಟರ್ ದಾಟಿದರೂ ಜಪ್ಪಯ್ಯ ಅನ್ನುವುದಿಲ್ಲ, ಇನ್ನೊಂದರದು ಮೂವತ್ತು ಸಾವಿರಕ್ಕೇ ಸುಟ್ಟು ಕೂರುತ್ತದೆ. ಎಂಜಿನ್ ಅದೇ, ಪ್ಲೇಟ್ ಅದೇ, ರಸ್ತೆಯೂ ಹೆಚ್ಚುಕಡಿಮೆ ಅದೇ. ಬೇರೆ ಇರುವುದು ಎಡಗಾಲು ಮಾತ್ರ. ಗ್ಯಾರೇಜಿನ ಬಿಲ್ ಬರುವ ಮುಂಚೆ ಆ ಕಾಲನ್ನು ಪಳಗಿಸಲು ಈ ಸೂತ್ರಗಳು. ಕ್ಲಚ್ ಪೆಡಲ್ಲೇ ಇಲ್ಲದ ಗಾಡಿಯವರೂ ಪುಟ ತಿರುಗಿಸಬೇಡಿ, 7 ಮತ್ತು 8 ನಿಮಗೇ ಬರೆದದ್ದು.

1. ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರಲಿ

ಎಂಜಿನ್ನಿಗೆ ಒಂದು ದೊಡ್ಡ ಕೊರತೆ. ನಿಂತಲ್ಲಿಂದ ಗಾಡಿಯನ್ನು ನೇರವಾಗಿ ಎಳೆಯುವುದು ಅದರ ಕೈಲಾಗದು. ಸುಮ್ಮನೆ ಆನ್ ಆಗಿ ನಿಂತಾಗಲೂ ಅದು ನಿಮಿಷಕ್ಕೆ 700ರಿಂದ 900 ಸುತ್ತು ಹಾಕುತ್ತಿರಬೇಕು, ಇಲ್ಲದಿದ್ದರೆ ಆಫ್ ಆಗುತ್ತದೆ. ಚಕ್ರ ನೋಡಿದರೆ ಸಿಗ್ನಲ್ಲಿನಲ್ಲಿ ಅಲ್ಲಾಡದೆ ನಿಂತಿರುತ್ತದೆ. ತಿರುಗುವುದನ್ನೂ ನಿಂತಿರುವುದನ್ನೂ ಮೆಲ್ಲಗೆ ಒಂದು ಮಾಡುವುದೇ ಕ್ಲಚ್ಚಿನ ಕೆಲಸ.

ಎಂಜಿನ್ನಿನ ಹಿಂಬದಿಗೆ ಫ್ಲೈವೀಲ್ ಎಂಬ ಭಾರದ ಗಾಲಿ. ಅದಕ್ಕೆ ಬೋಲ್ಟ್ ಮಾಡಿದ ಪ್ರೆಶರ್ ಪ್ಲೇಟ್. ಎರಡರ ಮಧ್ಯೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟ್. ಇದರ ಎರಡೂ ಮುಖಕ್ಕೆ ಘರ್ಷಣೆಯ ಲೈನಿಂಗ್, ನಡುವಿನ ಹಲ್ಲುಗಳು ಗೇರ್‌ಬಾಕ್ಸಿನ ಶಾಫ್ಟಿಗೆ ಕಚ್ಚಿಕೊಂಡಿರುತ್ತವೆ. ಪ್ರೆಶರ್ ಪ್ಲೇಟಿನೊಳಗಿನ ಡಯಾಫ್ರಂ ಸ್ಪ್ರಿಂಗ್ ಮೂರನ್ನೂ ಒತ್ತಿ ಹಿಡಿದಾಗ ಎಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಹರಿಯುತ್ತದೆ.

ಗಮನಿಸಿ, ಹಿಡಿಯುವುದು ಸ್ಪ್ರಿಂಗ್, ನಿಮ್ಮ ಕಾಲಲ್ಲ. ಕಾಲು ಮಾಡುವುದು ಬಿಡಿಸುವ ಕೆಲಸ. ಪೆಡಲ್ ಮೇಲೆ ನೀವು ಹಾಕುವ ಪ್ರತಿ ಗುಲಗಂಜಿ ತೂಕವೂ ಆ ಹಿಡಿತವನ್ನು ಸಡಿಲಿಸುತ್ತದೆ. ಮುಂದಿನ ಸೂತ್ರಗಳಲ್ಲಿ ಅರ್ಧಕ್ಕರ್ಧ ಇದೊಂದೇ ಮಾತಿನಿಂದ ಹುಟ್ಟಿದವು.

2. ಹಾಫ್ ಕ್ಲಚ್ ಬೇಕು, ಆದರೆ ಎರಡು ಸೆಕೆಂಡಿಗೆ

ಡ್ರೈವಿಂಗ್ ಸ್ಕೂಲುಗಳಲ್ಲಿ ಹಾಫ್ ಕ್ಲಚ್, ಅಂದರೆ ಪೆಡಲನ್ನು ಅರ್ಧ ಬಿಟ್ಟು ಹಿಡಿಯುವುದನ್ನು ಹೇಳಿಕೊಡುತ್ತಾರೆ, ಅದರಿಂದ ಹೊರಗೆ ಬರುವುದನ್ನು ಹೇಳಿಕೊಡುವುದಿಲ್ಲ. ಪ್ಲೇಟ್ ಪೂರ್ತಿ ಹಿಡಿದಿದ್ದರೆ ಸವೆಯುವುದಿಲ್ಲ, ಪೂರ್ತಿ ಬಿಟ್ಟಿದ್ದರೂ ಸವೆಯುವುದಿಲ್ಲ. ಸವೆಯುವುದು ಜಾರುವಾಗ ಮಾತ್ರ.

ಸ್ವಲ್ಪ ಲೆಕ್ಕ ಹಾಕೋಣ. ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಿದೆ ಎಂದಿಟ್ಟುಕೊಂಡರೆ, ಸಮತಟ್ಟು ರಸ್ತೆಯಲ್ಲಿ ಹೊರಡುವಾಗ ಕಾರಿಗೆ ಎಷ್ಟು ಚಲನಶಕ್ತಿ ಸಿಗುತ್ತದೋ ಸುಮಾರು ಅಷ್ಟೇ ಶಕ್ತಿ ಪ್ಲೇಟಿನ ಮೇಲೆ ಶಾಖವಾಗಿ ಹೋಗುತ್ತದೆ. ನೀವು ಎಷ್ಟೇ ಚಾಲಾಕಿ ಆಗಿರಿ, ಈ ಕಂದಾಯ ಕಟ್ಟಲೇಬೇಕು. ಕೈಯಲ್ಲಿರುವುದು ಕಂದಾಯದ ಮೊತ್ತ ಮಾತ್ರ. 1500 ಸುತ್ತಿನಲ್ಲಿ ಬಿಡುವ ಕ್ಲಚ್ಚನ್ನು 3000ಕ್ಕೆ ಎಬ್ಬಿಸಿ ಬಿಟ್ಟರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒಂದನೇ ಗೇರಿನ ಬದಲು ಎರಡನೆಯದರಲ್ಲಿ ಹೊರಟರೆ ಸಾಮಾನ್ಯ ಕಾರಿನಲ್ಲಿ ಮೂರು ಪಟ್ಟಿಗೂ ಹೆಚ್ಚು. ಹಂಪ್ ದಾಟುವಾಗ ಒಂದನೇ ಗೇರಿಗೆ ಇಳಿಸಲು ಸೋಮಾರಿತನ ಮಾಡಿ ಎರಡರಲ್ಲೇ ತಳ್ಳುವವರು ಇದನ್ನು ನೆನಪಿಡಿ.

3. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆಯಿರಿ

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಯಾವುದಾದರೊಂದರಲ್ಲಿ ಎದುರಿನಿಂದ ಬಸ್ ಬಂತು, ನೀವು ನಿಂತಿರಿ. ಆಗ ಹೆಚ್ಚಿನವರು ಮಾಡುವುದು ಒಂದೇ: ಬ್ರೇಕ್ ಬಿಟ್ಟು, ಕ್ಲಚ್ ಮತ್ತು ಎಕ್ಸಲರೇಟರ್ ಆಡಿಸುತ್ತಾ ಕಾರನ್ನು ಅಲ್ಲೇ ತೂಗಿ ಹಿಡಿಯುವುದು. ನೋಡುವವರಿಗೆ ಕೈಚಳಕದಂತೆ ಕಾಣುತ್ತದೆ. 1000 ಕಿಲೋ ತೂಕದ ಕಾರು, ಹತ್ತಡಿ ಹೋದರೆ ಒಂದಡಿ ಏರುವ ರಸ್ತೆ, 1500 ಸುತ್ತು ಹಾಕುವ ಎಂಜಿನ್. ಈ ತೂಗಾಟದಲ್ಲಿ ಪ್ಲೇಟಿನ ಮೇಲೆ ಹುಟ್ಟುವ ಶಾಖ ಸುಮಾರು 3 ಕಿಲೋವ್ಯಾಟ್. ಬಚ್ಚಲುಮನೆಯ ಇನ್‌ಸ್ಟಂಟ್ ಗೀಸರನ್ನು ಊಟದ ತಟ್ಟೆಗಿಂತ ಚಿಕ್ಕದಾದ ಪ್ಲೇಟಿನ ಮೇಲೆ ಹಚ್ಚಿಟ್ಟ ಹಾಗೆ. ಅರ್ಧ ನಿಮಿಷಕ್ಕೆ ಸುಟ್ಟ ವಾಸನೆ ಮೂಗಿಗೆ ಬಡಿಯುವುದು ಸುಮ್ಮನೆ ಅಲ್ಲ.

ಸರಿಯಾದ ದಾರಿ ಸರಳ. ಹ್ಯಾಂಡ್ ಬ್ರೇಕ್ ಎಳೆಯಿರಿ. ಹೊರಡುವಾಗ ಒಂದನೇ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಡುತ್ತಾ ಬನ್ನಿ. ಬಾನೆಟ್ ತುಸು ಎದ್ದಂತಾಗಿ ಎಂಜಿನ್ನಿನ ಸದ್ದು ಇಳಿಯುತ್ತದೆ. ಆ ಗಳಿಗೆಗೆ ಸ್ವಲ್ಪ ಎಕ್ಸಲರೇಟರ್ ಕೊಟ್ಟು ಬ್ರೇಕ್ ಇಳಿಸಿ. ಕಾರು ಹಿಂದಕ್ಕೆ ಒಂದಿಂಚೂ ಜಾರುವುದಿಲ್ಲ. ಊರಿನ ಖಾಲಿ ಏರಿನಲ್ಲಿ ನಾಲ್ಕು ಸಲ ಮಾಡಿನೋಡಿ ಆಮೇಲೆ ಘಾಟಿಗೆ ಹೋಗಿ.

4. ಗೇರ್ ಹಾಕಿಯಾಯಿತೇ? ಕಾಲನ್ನು ಪೆಡಲ್‌ನಿಂದ ಪೂರ್ತಿ ತೆಗೆಯಿರಿ

ಪಕ್ಕದಲ್ಲಿ ಕಾಲಿಡಲು ಜಾಗ ಕೊಟ್ಟಿರುವುದು ಅದಕ್ಕೇ.

5. ಸಿಗ್ನಲ್ಲಿನಲ್ಲಿ ನ್ಯೂಟ್ರಲ್

ಪೆಡಲ್ ಒತ್ತಿದಾಗ ಸ್ಪ್ರಿಂಗನ್ನು ತಳ್ಳುವುದು ರಿಲೀಸ್ ಬೇರಿಂಗ್ ಎಂಬ ಚಿಕ್ಕ ಭಾಗ. ಒತ್ತಿ ಹಿಡಿದಷ್ಟು ಹೊತ್ತೂ ಅದರ ಮೇಲೆ ಭಾರ. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ಒಂದನೇ ಗೇರ್ ಹಾಕಿ, ಕ್ಲಚ್ ತುಳಿದು, ಹಸಿರು ದೀಪಕ್ಕೆ ಕಾದು ಕೂರುವವರ ಬೇರಿಂಗ್ ಬೇಗ ಕಿರುಗುಡತೊಡಗುತ್ತದೆ. ಕ್ಲಚ್ ಒತ್ತಿದಾಗ ಮಾತ್ರ ಕೀಂಯ್ ಎನ್ನುವ ಸದ್ದು ಬಂದರೆ ಮೊದಲ ಅನುಮಾನ ಅದರ ಮೇಲೇ.

6. ಬೈಕಿಗೆ ಕಾರಿನ ಆಯಿಲ್ ಹಾಕಬೇಡಿ

ಕಾರಿನದು ಒಣ ಕ್ಲಚ್, ಒಂದೇ ಪ್ಲೇಟು. ಬೈಕಿನಲ್ಲಿ ಅಷ್ಟು ಅಗಲದ ಪ್ಲೇಟಿಗೆ ಜಾಗವಿಲ್ಲ. ಹಾಗಾಗಿ ಚಿಕ್ಕಚಿಕ್ಕ ಪ್ಲೇಟುಗಳನ್ನು ಒಂದರ ಹಿಂದೊಂದು ಜೋಡಿಸಿ, ಉಜ್ಜುವ ಮುಖಗಳ ಸಂಖ್ಯೆ ಹೆಚ್ಚಿಸಿ, ಹಿಡಿತ ಪಡೆಯುತ್ತಾರೆ. ಹೆಚ್ಚಿನ ಬೈಕುಗಳಲ್ಲಿ ಈ ಅಡಕು ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತದೆ. ಆಯಿಲ್ ಶಾಖವನ್ನು ಹೊತ್ತೊಯ್ಯುವುದರಿಂದ ಬೈಕಿನ ಕ್ಲಚ್ ಟ್ರಾಫಿಕ್ಕಿನ ಹಾಫ್ ಕ್ಲಚ್ಚನ್ನು ಕಾರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ತೊಂದರೆ ಬರುವುದು ಡಬ್ಬದಿಂದ. ಎಷ್ಟೋ ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿರುತ್ತದೆ. ಎಂಜಿನ್ನಿಗೆ ಅದು ಒಳ್ಳೆಯದೇ, ಕ್ಲಚ್ ಮಾತ್ರ ಜಾರಲು ಶುರು. ಬೈಕಿಗೆ ಕೊಳ್ಳುವ ಡಬ್ಬದ ಮೇಲೆ ಜೆಎಎಸ್‌ಒ ಎಂಎ ಅಥವಾ ಎಂಎ2 ಎಂಬ ಗುರುತು ಇದೆಯೇ ನೋಡಿ. ಇದು ಜಪಾನಿನ ವಾಹನ ಗುಣಮಟ್ಟ ಸಂಸ್ಥೆಯ ಗುರುತು. ಎಂಬಿ ಎಂದಿದ್ದರೆ ಅದು ಸ್ಕೂಟರಿನದು, ಅಲ್ಲೇ ಬಿಡಿ.

ಇನ್ನು ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟ ಇರಬೇಕು. ನಿಮ್ಮ ಬೈಕಿನ ಕೈಪಿಡಿ ಬೇರೆ ಅಳತೆ ಹೇಳಿದರೆ ಅದೇ ಸರಿ. ಕೇಬಲ್ ಪೂರ್ತಿ ಬಿಗಿಯಾಗಿದ್ದರೆ ನೀವು ಮುಟ್ಟದಿದ್ದರೂ ಕ್ಲಚ್ ತುಸು ಒತ್ತಿಕೊಂಡೇ ಇರುತ್ತದೆ.

7. ಸ್ಕೂಟರನ್ನು ಏರಿನಲ್ಲಿ ಎಕ್ಸಲರೇಟರಿನಿಂದ ನಿಲ್ಲಿಸಬೇಡಿ

ಆಕ್ಟಿವಾ ಥರದ ಗೇರಿಲ್ಲದ ಸ್ಕೂಟರಿಗಾಗಲಿ, ಸಂತೆಗೆ ಮೂಟೆ ಹೊರುವ ಟಿವಿಎಸ್ ಎಕ್ಸ್‌ಎಲ್‌ಗಾಗಲಿ ಕ್ಲಚ್ ಲಿವರ್ ಇಲ್ಲ, ಕ್ಲಚ್ ಇದೆ. ಸೆಂಟ್ರಿಫ್ಯೂಗಲ್ ಕ್ಲಚ್ ಎಂದು ಅದರ ಹೆಸರು. ವೇಗ ಏರಿದಂತೆ ಒಳಗಿನ ಶೂಗಳು ಸ್ಪ್ರಿಂಗನ್ನು ಮೀರಿ ಹೊರಕ್ಕೆ ಚಿಮ್ಮಿ ಸುತ್ತಲಿನ ಡ್ರಮ್ಮನ್ನು ಹಿಡಿಯುತ್ತವೆ. ವೇಗ ಇಳಿದರೆ ತಾವೇ ಬಿಡುತ್ತವೆ. ಏರಿನಲ್ಲಿ ಎಕ್ಸಲರೇಟರಿನಿಂದ ತೂಗಿ ಹಿಡಿದರೆ, ಇಲ್ಲವೇ ಬ್ರೇಕ್ ಹಿಡಿದು ಎಕ್ಸಲರೇಟರ್ ಕೊಟ್ಟರೆ ಶೂಗಳು ಡ್ರಮ್ಮಿಗೆ ಉಜ್ಜಿ ಕಾಯುತ್ತವೆ, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಹೊರಡುವಾಗ ಗಾಡಿ ಗಡಗಡ ನಡುಗುತ್ತಿದ್ದರೆ ಮೆಕ್ಯಾನಿಕ್ಕಿಗೆ ಮೊದಲು ಶೂ ಮತ್ತು ಡ್ರಮ್ ಬಿಚ್ಚಿ ಉಜ್ಜಿ ಕೊಡಲು ಹೇಳಿ. ಎಷ್ಟೋ ಸಲ ಹೊಸ ಭಾಗ ಬೇಕಾಗುವುದೇ ಇಲ್ಲ.

8. ಆಟೋಮ್ಯಾಟಿಕ್ ಅಂದರೆ ಯಾವ ಆಟೋಮ್ಯಾಟಿಕ್, ಕೇಳಿ ತಿಳಿಯಿರಿ

2014ರಲ್ಲಿ ಮಾರುತಿ ಸೆಲೇರಿಯೊ ಜೊತೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿಯಲ್ಲಿರುವುದು ಮಾಮೂಲಿ ಒಣ ಕ್ಲಚ್ಚೇ. ನಿಮ್ಮ ಕಾಲಿನ ಬದಲು ಒಂದು ಯಂತ್ರ ಅದನ್ನು ಒತ್ತಿ ಬಿಡುತ್ತದೆ. ಘಾಟಿಯಲ್ಲಿ ಬ್ರೇಕ್ ಬಿಟ್ಟು ಎಕ್ಸಲರೇಟರಿನಿಂದ ತೂಗಿ ಹಿಡಿದರೆ 3ನೇ ಸೂತ್ರದ ಗೀಸರೇ ಇಲ್ಲೂ ಹೊತ್ತಿಕೊಳ್ಳುತ್ತದೆ. ಹ್ಯುಂಡೈ 2020ರಲ್ಲಿ ವೆನ್ಯೂಗೆ ತಂದ ಐಎಂಟಿಯಲ್ಲಿ ಗೇರ್ ನೀವೇ ಹಾಕಬೇಕು, ಕ್ಲಚ್ ಮಾತ್ರ ಅದು ನೋಡಿಕೊಳ್ಳುತ್ತದೆ.

ಡಿಸಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್ಕಿನಲ್ಲಿ ಕ್ಲಚ್ ಎರಡು. ಒಂದು 1, 3, 5 ಗೇರುಗಳಿಗೆ, ಇನ್ನೊಂದು 2, 4, 6ಕ್ಕೆ. ಒಂದು ಬಿಡುತ್ತಿರುವಂತೆ ಇನ್ನೊಂದು ಹಿಡಿಯುವುದರಿಂದ ಗೇರ್ ಬದಲಾದದ್ದೇ ಗೊತ್ತಾಗದು. ಫೋಕ್ಸ್‌ವ್ಯಾಗನ್ 2003ರಲ್ಲಿ ಇದನ್ನು ಮಾರುಕಟ್ಟೆಯ ಕಾರಿಗೆ ತಂದಿತು. ಇದರಲ್ಲೂ ಒಣ, ಆಯಿಲ್ ಎಂಬ ಎರಡು ಜಾತಿ. ಒಣ ಜಾತಿಯದು ಬೆಂಗಳೂರಿನ ತೆವಳುವ ಟ್ರಾಫಿಕ್ಕಿನಲ್ಲಿ ಬೇಗ ಬಿಸಿಯಾಗುತ್ತದೆ. ಉಪಾಯ: ಮುಂದಿನ ಗಾಡಿ ಅಡಿ ಸರಿದ ಕೂಡಲೇ ಅಡಿ ಸರಿಯಬೇಡಿ. ಎರಡು ಕಾರಿನಷ್ಟು ಜಾಗವಾಗಲು ಬಿಟ್ಟು ಒಮ್ಮೆಲೇ ಹೋಗಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ.

ಟಾರ್ಕ್ ಕನ್ವರ್ಟರ್ ಇರುವ ಕಾರಿನವರಿಗೆ ಈ ತಲೆಬಿಸಿ ಕಡಿಮೆ. ಅಲ್ಲಿ ಹೊರಡುವಾಗ ಬಲ ದಾಟಿಸುವುದು ಪ್ಲೇಟಲ್ಲ, ಆಯಿಲ್.

9. ಸ್ಲಿಪ್ಪರ್ ಕ್ಲಚ್ ಇದೆ ಎಂದು ಬೀಗಬೇಡಿ

ರಾಯಲ್ ಎನ್‌ಫೀಲ್ಡ್ 650ರಂಥ ಬೈಕುಗಳಲ್ಲಿ ಇದಿದೆ. ದಿಢೀರ್ ಗೇರ್ ಇಳಿಸಿದಾಗ ಹಿಂದಿನ ಚಕ್ರ ಕಚ್ಚಿ ಜಾರದಂತೆ ತಡೆಯುತ್ತದೆ. ಅಷ್ಟೇ. ಬ್ರೇಕಿಗೆ ಬದಲಿಯಲ್ಲ.

10. ಟ್ರ್ಯಾಕ್ಟರಿನಲ್ಲಿ ಅರ್ಧ ತುಳಿಯುವುದೂ ಒಂದು ವಿದ್ಯೆ

ಡಬಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಪೆಡಲನ್ನು ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಹಿಂದೆ ಕಟ್ಟಿದ ಯಂತ್ರಕ್ಕೆ ಬಲ ಕೊಡುವ ಪಿಟಿಒ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಪೂರ್ತಿ ತುಳಿದರೆ ಅದೂ ನಿಲ್ಲುತ್ತದೆ. ರೋಟವೇಟರಿಗೆ ಕಳೆ ಸುತ್ತಿಕೊಂಡಾಗ ಗಾಡಿ ನಿಲ್ಲಿಸಿ ರೋಟವೇಟರ್ ಮಾತ್ರ ಓಡಿಸಲು ಈ ಅರ್ಧ ತುಳಿತ ಬೇಕು. ಆದರೆ ಯಾರಾದರೂ ಇಳಿದು ಯಂತ್ರದ ಹತ್ತಿರ ಹೋಗುವುದಾದರೆ ಅರ್ಧವನ್ನೂ ನಂಬಬೇಡಿ, ಪೂರ್ತಿಯನ್ನೂ ನಂಬಬೇಡಿ. ಪಿಟಿಒ ಲಿವರ್ ತೆಗೆದು ಎಂಜಿನ್ ಆಫ್ ಮಾಡಿ.

11. ಪ್ಲೇಟ್ ಹೋಯಿತು ಅಂದರೆ ಮೊದಲು ನೀವೇ ಪರೀಕ್ಷಿಸಿ

ಖಾಲಿ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿ. ಎಂಜಿನ್ ಭೋರ್ ಎಂದು ಏರಿ ಕಾರು ಮಾತ್ರ ನಿಧಾನಕ್ಕೇ ಹೋದರೆ ಪ್ಲೇಟ್ ಜಾರುತ್ತಿದೆ. ಕ್ಲಚ್ ತುಳಿದರೂ ರಿವರ್ಸ್ ಗೇರ್ ಕರಕರ ಎಂದರೆ ಸಮಸ್ಯೆ ತಿರುಗಾಮುರುಗಾ, ಅದು ಬಿಡುತ್ತಿಲ್ಲ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪೆಡಲ್ ಸಲೀಸಾಗಿ ನೆಲಕ್ಕೆ ಹೋದರೆ ಪ್ಲೇಟಿನ ತಪ್ಪಲ್ಲ, ಫ್ಲೂಯಿಡ್ ಸೋರುತ್ತಿರಬಹುದು.

ಬದಲಾಯಿಸಲೇಬೇಕಾದರೆ ಬಿಚ್ಚಿದ ಹೊತ್ತಿಗೆ ಗ್ಯಾರೇಜಿನಲ್ಲಿರಿ. ಹಳೆಯ ಪ್ಲೇಟನ್ನು ಕೈಗೆ ತೆಗೆದುಕೊಳ್ಳಿ. ಲೈನಿಂಗ್ ಸವೆದು ರಿವೆಟ್ಟಿನ ತಲೆಗಳು ಮೇಲ್ಮೈಗೆ ಬಂದಿವೆಯೇ? ನಡುವಿನ ಸ್ಪ್ರಿಂಗುಗಳು ಸಡಿಲವಾಗಿ ಗಲಗಲ ಎನ್ನುತ್ತವೆಯೇ? ಫ್ಲೈವೀಲಿನ ಮೇಲೆ ಬೆರಳಾಡಿಸಿ. ಗೀರುಗಳು, ನೀಲಿಗಟ್ಟಿದ ಮಚ್ಚೆಗಳು ಇದ್ದರೆ ಅದು ಮಿತಿಮೀರಿ ಕಾದಿದೆ ಎಂದರ್ಥ. ಹಾಗೇ ಬಿಟ್ಟರೆ ಹೊಸ ಪ್ಲೇಟೂ ನಡುಗುತ್ತದೆ.

ಖರ್ಚಿನ ದೊಡ್ಡ ಪಾಲು ಗೇರ್‌ಬಾಕ್ಸ್ ಇಳಿಸುವ ಕೂಲಿ. ಹಾಗಾಗಿ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ಟಾಗಿ ಹಾಕಿಸಿ. ಪ್ಲೇಟ್ ಒಂದನ್ನೇ ಹಾಕಿ ದುಡ್ಡು ಉಳಿಸುತ್ತೇನೆ ಎನ್ನುವುದು ಸುಳ್ಳು ಲೆಕ್ಕ. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಒದ್ದೆಯಾಗಿದ್ದರೆ ಅದನ್ನೂ ಆಗಲೇ ಬದಲಾಯಿಸಿ, ಹೊಸ ಲೈನಿಂಗಿಗೆ ಆಯಿಲ್ ಕುಡಿಸಿದರೆ ಮತ್ತೆ ಅದೇ ಕೂಲಿ. ಹೊಸ ಪ್ಲೇಟ್ ಫ್ಲೈವೀಲಿಗೆ ಹೊಂದಿಕೊಳ್ಳುವವರೆಗೆ, ಮೊದಲ ಕೆಲವು ನೂರು ಕಿಲೋಮೀಟರ್, ಭಾರ ಹೇರಿಕೊಂಡು ಘಾಟಿ ಹತ್ತಬೇಡಿ.