ಆಯಿಲ್ ಕುಡಿಯುವ ಹಳೇ ಕಾರಿಗೆ ಯಾವ ಆಯಿಲ್?

ಹಾಸನದ ನಮ್ಮ ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಬಹುಪಾಲು ಹಳೆಯವು. ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊ, ಇಂಡಿಕಾ. ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದವು, ಕೆಲವು ಎರಡು ಲಕ್ಷವನ್ನೂ ಮೀರಿದವು. ಮಾಲೀಕರ ಪ್ರಶ್ನೆ ಒಂದೇ: "ಗಾಡಿ ಆಯಿಲ್ ಕುಡೀತಿದೆ, ಯಾವ ಆಯಿಲ್ ಹಾಕ್ಸೋಣ?" ಇರುವ ಎಂಜಿನ್ನನ್ನೇ ಇನ್ನೂ ನಾಲ್ಕು ವರ್ಷ ಓಡಿಸಬೇಕಾದವರಿಗೆ ಇದು ಮನೆ ಖರ್ಚಿನ ಪ್ರಶ್ನೆ. ಅದಕ್ಕೇ ನಾನು ಕಂಡುಕೊಂಡದ್ದನ್ನು ಬರೆದಿಡುತ್ತಿದ್ದೇನೆ.

1. ಡಬ್ಬಿ ಆರಿಸುವ ಮೊದಲು ಆಯಿಲ್ ಹೋಗುವ ದಾರಿ ಹುಡುಕಿ.

ರಾತ್ರಿ ಕಾರು ನಿಲ್ಲಿಸುವ ಕಡೆ ಎಂಜಿನ್ನಿನ ಕೆಳಗೆ ದಪ್ಪ ರಟ್ಟು ಹಾಸಿಡಿ. ಬೆಳಗ್ಗೆ ಅದರ ಮೇಲೆ ಹನಿ ಬಿದ್ದಿದ್ದರೆ ಸೋರಿಕೆ ಇದೆ ಎಂದಾಯಿತು. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ಟೋ ಕ್ರ್ಯಾಂಕ್ ಸೀಲೋ ಹೋಗಿರುತ್ತದೆ. ರಟ್ಟು ಒಣಗಿದ್ದು, ಆಯಿಲ್ ಮಾತ್ರ ಇಳಿಯುತ್ತಿದ್ದರೆ ಸೈಲೆನ್ಸರ್ ಕಡೆ ನೋಡಬೇಕು.

ಹೊಗೆ ಯಾವಾಗ ಬರುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರವಿದೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಒಮ್ಮೆ ಬಂದು ನಿಂತುಹೋದರೆ ಅನುಮಾನ ವಾಲ್ವ್ ಸೀಲಿನ ಮೇಲೆ. ರಾತ್ರಿಯಿಡೀ ಹೆಡ್ಡಿನಲ್ಲಿದ್ದ ಆಯಿಲ್ ವಾಲ್ವಿನ ಕಾಂಡದ ಗುಂಟ ಇಳಿದಿರುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ಪರೀಕ್ಷೆಯನ್ನು ಶಿರಾಡಿ ಘಾಟಿಯೇ ಮಾಡಿಕೊಡುತ್ತದೆ. ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಉದ್ದಕ್ಕೆ ಇಳಿಯುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಜೋರಾಗುತ್ತದೆ, ಸವೆದ ಸೀಲಿನ ಮೂಲಕ ಆಯಿಲ್ಲನ್ನು ಎಳೆದುಕೊಳ್ಳುತ್ತದೆ. ಕೆಳಗೆ ಬಂದು ಮತ್ತೆ ಪೆಡಲ್ ಒತ್ತಿದ ಕ್ಷಣ ಹಿಂದಿನ ಕನ್ನಡಿಯಲ್ಲಿ ನೀಲಿ ಮೋಡ ಕಾಣುತ್ತದೆ. ಅದೂ ವಾಲ್ವ್ ಸೀಲೇ. ಹತ್ತುವಾಗ, ಲೋಡ್ ಬಿದ್ದಾಗಲೆಲ್ಲ ಬಿಡದೆ ಹೊಗೆ ಹೊಡೆಯುತ್ತಿದ್ದರೆ ರಿಂಗು ಅಥವಾ ಬೋರು.

ಖಚಿತಪಡಿಸಿಕೊಳ್ಳಲು ಕಂಪ್ರೆಷನ್ ಗೇಜು ಹಾಕಿಸಿ. ಒತ್ತಡ ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದೆರಡು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತೇವೆ. ಮುಳ್ಳು ಮೇಲೇರಿದರೆ ರಿಂಗು ಸವೆದಿದೆ. ಏರದಿದ್ದರೆ ಒತ್ತಡ ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಹೋಗುತ್ತಿದೆ.

2. ಪಿಸಿವಿ ವಾಲ್ವನ್ನು ಮರೆಯಬೇಡಿ.

ಕ್ರ್ಯಾಂಕ್‌ಕೇಸಿನ ಆವಿಯನ್ನು ಇನ್‌ಟೇಕಿಗೆ ಅಳತೆಯಲ್ಲಿ ಬಿಡುವ ವಾಲ್ವ್ ಇದು. ಬಹಳ ಕಾರುಗಳಲ್ಲಿ ಅದು ಹೆಬ್ಬೆರಳಿನಷ್ಟಿರುವ, ಕಡಿಮೆ ಬೆಲೆಯ ಭಾಗ. ತೆರೆದೇ ಸಿಕ್ಕಿಕೊಂಡರೆ ಆಯಿಲ್ ಆವಿ ಇನ್‌ಟೇಕಿಗೆ ಹೋಗಿ ಉರಿಯುತ್ತದೆ. ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿ ಸೀಲುಗಳಿಂದ ಆಯಿಲ್ ಹೊರಬರುತ್ತದೆ. ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಟಕಟಕ ಸದ್ದು ಬರಬೇಕು. ಬಾರದಿದ್ದರೆ ಬದಲಿಸಿ, ಅದರ ಪೈಪನ್ನೂ ತೊಳೆಯಿರಿ. ಎಂಜಿನ್ ಬಿಚ್ಚಬೇಕೆಂದು ಹೆದರಿ ಬಂದವರು ಇಷ್ಟರಲ್ಲೇ ಮನೆಗೆ ಹೋದದ್ದುಂಟು.

3. ಲೆಕ್ಕ ಇಡಿ.

"ಬಹಳ ಕುಡೀತದೆ" ಎಂದರೆ ನನಗೆ ಏನೂ ತಿಳಿಯುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ವ್ಯಾಗನ್‌ಆರ್‌ನ ಡ್ಯಾಶ್‌ಬೋರ್ಡಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡಿದ್ದಾರೆ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ನೋಡಿ, ಸುರಿದ ಆಯಿಲ್ಲನ್ನು ಮಿಲಿಲೀಟರಿನಲ್ಲಿ, ಪಕ್ಕದಲ್ಲಿ ಮೀಟರ್ ರೀಡಿಂಗನ್ನು ಬರೆಯುತ್ತಾರೆ. ಆಯಿಲ್ ಬದಲಿಸಿದ್ದರಿಂದ ಗುಣವಾಯಿತೋ ಇಲ್ಲವೋ ಎಂದು ಹೇಳಬಲ್ಲದ್ದು ಆ ಪುಸ್ತಕ ಮಾತ್ರ. 1000 ಕಿಲೋಮೀಟರಿಗೆ ಕಾಲು ಲೀಟರ್ ಹೋಗುವ ಹಳೇ ಗಾಡಿಯನ್ನು ನಾನು ಬಿಚ್ಚಲು ಹೇಳುವುದಿಲ್ಲ. ಒಂದು ಲೀಟರ್ ಹೋದರೆ ರಿಪೇರಿಯ ಮಾತು ಶುರು.

ಡಿಪ್‌ಸ್ಟಿಕ್ ನೋಡುವಾಗ ನೆಲ ಸಮತಟ್ಟಾಗಿರಬೇಕು, ಎಂಜಿನ್ ಆಫ್ ಮಾಡಿ ಹತ್ತು ನಿಮಿಷವಾದರೂ ಕಳೆದಿರಬೇಕು. ಕೆಂಪು ಆಯಿಲ್ ದೀಪವನ್ನು ನಂಬಿ ಕೂರಬೇಡಿ. ಅದು ಹೇಳುವುದು ಒತ್ತಡವನ್ನು, ಮಟ್ಟವನ್ನಲ್ಲ. ತಿರುವಿನಲ್ಲಿ ಅದು ಮಿಣುಕಿತು ಎಂದರೆ ಸಂಪಿನಲ್ಲಿ ಪಂಪು ಗಾಳಿ ಎಳೆಯುವಷ್ಟು ಆಯಿಲ್ ಇಳಿದಿರಬಹುದು, ಬೇರಿಂಗುಗಳಿಗೆ ಪೆಟ್ಟು ಆಗಲೇ ಬೀಳುತ್ತಿರುತ್ತದೆ.

4. ಡಬ್ಬಿಯ ಮೇಲಿನ ಎರಡನೇ ಅಂಕಿ ನೋಡಿ.

20ಡಬ್ಲ್ಯೂ-40 ಎಂಬಲ್ಲಿ ಮೊದಲನೆಯದು ಚಳಿಯ ಅಂಕಿ, ಎರಡನೆಯದು ಎಂಜಿನ್ ಕಾದಾಗಿನ ಸ್ನಿಗ್ಧತೆಯದು, ಅಂದರೆ ಆಯಿಲ್ ಎಷ್ಟು ದಪ್ಪ ಎನ್ನುವುದರದು. 20ಡಬ್ಲ್ಯೂ ಆಯಿಲ್ ಸ್ಟಾರ್ಟಿಂಗಿಗೆ ಅಡ್ಡಿಯಾಗದಷ್ಟು ತೆಳುವಾಗಿರುತ್ತದೆಯೇ ಎಂದು ಪರೀಕ್ಷಿಸುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ನಮ್ಮಲ್ಲಿ ಡಿಸೆಂಬರಿನ ನಡುರಾತ್ರಿಯೂ ಅಂಥ ಚಳಿ ಇಲ್ಲ. ಆದರೂ ಮುಂಜಾನೆಯ ತಂಪಿಗೆ ದಪ್ಪ ಆಯಿಲ್ ಜೋನಿಬೆಲ್ಲದ ಹಾಗೆ ನಿಧಾನವಾಗುತ್ತದೆ, ಹೆಡ್ಡಿನವರೆಗೆ ಏರಲು ಹೊತ್ತು ತೆಗೆದುಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ ಸರಿ ಎಂದಿದ್ದರೆ 20ಡಬ್ಲ್ಯೂ-40ಗಿಂತ 15ಡಬ್ಲ್ಯೂ-40 ನನಗೆ ಮೇಲು.

ಉರಿಯುವ ಆಯಿಲ್ಲಿನ ವಿಷಯದಲ್ಲಿ ಮುಖ್ಯ ಎರಡನೇ ಅಂಕಿ. 100 ಡಿಗ್ರಿಯಲ್ಲಿ ಅಳೆದಾಗ 30ರ ದರ್ಜೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರಬೇಕು, 40ರದು 12.5ರಿಂದ 16.3ರ ಒಳಗೆ, 50ರದು 21.9ರ ಒಳಗೆ. ಅಂದರೆ 40 ಎಂದು ಬರೆದ ಎರಡು ಡಬ್ಬಿಗಳಲ್ಲಿ ಒಂದು 13 ಇರಬಹುದು, ಇನ್ನೊಂದು ಹದಿನೈದರ ಮೇಲಿರಬಹುದು. ಕಂಪನಿಯವರ ಡೇಟಾ ಶೀಟಿನಲ್ಲಿ ಈ ಅಂಕಿ ಸಿಗುತ್ತದೆ. ದರ್ಜೆ ಬದಲಿಸದೆಯೇ, ಅದೇ ದರ್ಜೆಯಲ್ಲಿ ದಪ್ಪದ್ದನ್ನು ಆರಿಸಿದರೆ ಎಷ್ಟೋ ಗಾಡಿಗಳಲ್ಲಿ ಸಾಕಾಗುತ್ತದೆ.

5. ಏರಿಸಿದರೆ ಒಂದೇ ಮೆಟ್ಟಿಲು.

ಓನರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಬಹಳಷ್ಟು ಪುಸ್ತಕಗಳಲ್ಲಿ ಹವೆಯ ಶಾಖಕ್ಕೆ ತಕ್ಕಂತೆ ಎರಡು ಮೂರು ದರ್ಜೆ ಕೊಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ದಪ್ಪದ್ದನ್ನು ಹಾಕಿ. 5ಡಬ್ಲ್ಯೂ-30ರಲ್ಲಿ ಓಡುತ್ತಿದ್ದರೆ 5ಡಬ್ಲ್ಯೂ-40, 20ಡಬ್ಲ್ಯೂ-40 ಇದ್ದರೆ 20ಡಬ್ಲ್ಯೂ-50. ವಿವಿಟಿ (ವಾಲ್ವ್ ತೆರೆಯುವ ಸಮಯವನ್ನು ಬದಲಿಸುವ ವ್ಯವಸ್ಥೆ) ಇರುವ ಎಂಜಿನ್ನಿಗೆ, ಹೈಡ್ರಾಲಿಕ್ ಟ್ಯಾಪೆಟ್ ಇರುವವಕ್ಕೆ ನೇರವಾಗಿ 20ಡಬ್ಲ್ಯೂ-50 ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಅವುಗಳಲ್ಲಿ ಆಯಿಲ್ ಹರಿಯುವ ಕಿರಿದಾದ ದಾರಿಗಳನ್ನು ತೆಳು ಆಯಿಲ್ಲಿಗೆಂದೇ ಕೊರೆದಿರುತ್ತಾರೆ.

6. ಆವಿಯಾಗುವ ಪ್ರಮಾಣ ಕೇಳಿ.

ಇದನ್ನು ಅಂಗಡಿಯಲ್ಲಿ ಕೇಳುವವರೇ ಇಲ್ಲ, ಆದರೆ ನಮ್ಮ ವಿಷಯಕ್ಕೆ ಇದರಷ್ಟು ಹತ್ತಿರದ ಅಂಕಿ ಇನ್ನೊಂದಿಲ್ಲ. ನೋಆಕ್ ಎಂಬ ಪರೀಕ್ಷೆಯಲ್ಲಿ ಆಯಿಲ್ಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಎಷ್ಟು ಹಾರಿಹೋಯಿತು ಎಂದು ತೂಗುತ್ತಾರೆ. ಎಪಿಐ ಎಸ್‌ಎನ್ ದರ್ಜೆಗೆ ಶೇ. 15 ಮಿತಿ, ಯುರೋಪಿನ ಎಸಿಇಎ ಎ3/ಬಿ4ಗೆ ಶೇ. 13. ಒಳ್ಳೆಯ ಸಿಂಥೆಟಿಕ್‌ಗಳು ಹತ್ತರ ಕೆಳಗೂ ಇರುತ್ತವೆ. ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಹೆದರಿಕೆ ನಮ್ಮ ಊರಲ್ಲಿ ಇನ್ನೂ ಇದೆ. ಸೀಲು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಯಾವ ಆಯಿಲ್ಲಾದರೂ ಸೋರುತ್ತದೆ. ಹೈ ಮೈಲೇಜ್ ಎಂದು ಬರುವ ಆಯಿಲ್ಲುಗಳಲ್ಲಿ ರಬ್ಬರನ್ನು ಮೆದುಗೊಳಿಸುವ ರಾಸಾಯನಿಕ ಇರುತ್ತದೆ. ಗಟ್ಟಿಯಾದ ಸೀಲಿಗೆ ಅದರಿಂದ ಉಪಯೋಗ ಉಂಟು, ಸವೆದ ಲೋಹಕ್ಕೆ ಇಲ್ಲ.

7. ಉರಿದ ಆಯಿಲ್ ಬೂದಿ ಬಿಡುತ್ತದೆ.

ಲಾರಿಗೆ ಹಾಕುವ ಸಿಐ-4 ಆಯಿಲ್ಲನ್ನು ಪೆಟ್ರೋಲ್ ಕಾರಿಗೆ ಸುರಿಯುವುದು ಕೆಲವು ಕಡೆ ವಾಡಿಕೆ. ಅದರಲ್ಲಿ ರಂಜಕ ಹೆಚ್ಚು. ಉರಿದಾಗ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ, ಎಮಿಷನ್ ಟೆಸ್ಟಿನಲ್ಲಿ ಗಾಡಿ ಫೇಲ್ ಆಗುತ್ತದೆ. ಪೆಟ್ರೋಲಿಗೆ ಎಸ್‌ಎನ್ ಅಥವಾ ಎಸ್‌ಪಿ ಇರಲಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್‌ಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಮ್ಯಾನ್ಯುಯಲ್ ಹೇಳಿದ ಕಡಿಮೆ ಬೂದಿಯ ಆಯಿಲ್ಲನ್ನೇ ಹಾಕಬೇಕು. ಆ ಫಿಲ್ಟರಿನಲ್ಲಿ ಮಸಿ ಸುಟ್ಟುಹೋಗುತ್ತದೆ, ಬೂದಿ ಅಲ್ಲೇ ಉಳಿಯುತ್ತದೆ.

8. ಹೊಗೆ ನಿಲ್ಲಿಸುವ ಬಾಟಲಿಗೆ ದುಡ್ಡು ಹಾಕಬೇಡಿ.

ಆಯಿಲ್ಲನ್ನು ದಪ್ಪ ಮಾಡುವುದು ಬಿಟ್ಟು ಅಂಥ ಹೆಚ್ಚಿನವು ಬೇರೇನೂ ಮಾಡುವುದಿಲ್ಲ. ಗಾಡಿ ಮಾರುವವರು ಒಂದು ವಾರದ ಮಟ್ಟಿಗೆ ಹಾಕಿಸುತ್ತಾರೆ, ಕೊಳ್ಳುವವರು ಎಚ್ಚರ.

9. ಟಾಪ್ ಅಪ್ ಮಾಡಿದರೆ ಆಯಿಲ್ ಬದಲಿಸಿದಂತಲ್ಲ.

"ಹೊಸದು ಸುರೀತಾನೇ ಇದ್ದೀನಲ್ಲಣ್ಣ, ಮತ್ಯಾಕೆ ಡ್ರೇನ್ ಮಾಡಬೇಕು?" ಎಂದು ಕೇಳುತ್ತಾರೆ. ಮಸಿ, ಲೋಹದ ಪುಡಿ, ಆಮ್ಲ ಎಲ್ಲ ಸಂಪಿನಲ್ಲೇ ಉಳಿದಿರುತ್ತವೆ. ಆಯಿಲ್ ಕುಡಿಯುವ ಎಂಜಿನ್ನಿಗೆ ನಾನು ಅವಧಿಯನ್ನು ಇಳಿಸುತ್ತೇನೆ, ಫಿಲ್ಟರನ್ನು ಪ್ರತಿ ಸಲ ಬದಲಿಸುತ್ತೇನೆ. ಆಯಿಲ್ ರಿಂಗಿನ ತೂತುಗಳಲ್ಲಿ ಕಾರ್ಬನ್ ಕಟ್ಟಿದ್ದೇ ಕಾರಣವಾಗಿದ್ದರೆ, ಒಳ್ಳೆಯ ಡಿಟರ್ಜೆಂಟ್ ಇರುವ ಆಯಿಲ್ಲಿನಲ್ಲಿ ಬೇಗಬೇಗ ಎರಡು ಮೂರು ಚೇಂಜ್ ಆಗುವಷ್ಟರಲ್ಲಿ ಕುಡಿತ ಇಳಿದದ್ದನ್ನು ಕಂಡಿದ್ದೇನೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ಮಾತ್ರ ದಾಟಿಸಬೇಡಿ. ಹೆಚ್ಚಾದ ಆಯಿಲ್ ಕ್ರ್ಯಾಂಕಿಗೆ ಬಡಿದು ನೊರೆಯಾಗಿ ಮತ್ತೆ ಇನ್‌ಟೇಕಿನ ದಾರಿ ಹಿಡಿಯುತ್ತದೆ.

10. ವಾಲ್ವ್ ಸೀಲಿಗೆ ಹೆಡ್ ಬಿಚ್ಚಲೇಬೇಕೆಂದಿಲ್ಲ.

ಪ್ಲಗ್ ತೂತಿನಿಂದ ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಕೆಳಗೆ ಬೀಳದಂತೆ ಹಿಡಿಯುತ್ತೇವೆ. ಕಂಪ್ರೆಸರ್ ಇಲ್ಲದ ಕಡೆ ನೈಲಾನ್ ಹಗ್ಗ ತುರುಕಿ, ಪಿಸ್ಟನ್ನನ್ನು ಕೈಯಿಂದ ಮೇಲೆ ತಂದು ಒತ್ತಿಡುತ್ತೇವೆ. ಮೇಲಿನಿಂದ ಸ್ಪ್ರಿಂಗ್ ಒತ್ತಿ ಲಾಕ್ ಬಿಡಿಸಿದರೆ ಹಳೇ ಸೀಲು ಕೈಗೆ ಬರುತ್ತದೆ. ಉಗುರಿನಿಂದ ಒತ್ತಿದರೂ ಬಗ್ಗದಷ್ಟು ಗಟ್ಟಿಯಾಗಿರುತ್ತದೆ, ಪ್ಲಾಸ್ಟಿಕ್ಕಿನ ಹಾಗೆ ಪಟ್ಟನೆ ಮುರಿಯುತ್ತದೆ. ಮೇಷ್ಟ್ರ ವ್ಯಾಗನ್‌ಆರ್‌ಗೆ ಮಾಡಿದ್ದು ಇಷ್ಟೇ ಕೆಲಸ, ಅದರ ಜೊತೆಗೆ ಕಡಿಮೆ ಆವಿಯಾಗುವ 15ಡಬ್ಲ್ಯೂ-40. ರಿಂಗು ಹೋದ ಗಾಡಿಗಾದರೆ ಬೋರ್ ಕೆಲಸದ ಖರ್ಚನ್ನೂ ಕಾರಿನ ಇಂದಿನ ಬೆಲೆಯನ್ನೂ ಪಕ್ಕಪಕ್ಕ ಬರೆದು ತೋರಿಸುತ್ತೇನೆ. ಪಿಕಪ್ ಚೆನ್ನಾಗಿದ್ದು, ಪ್ಲಗ್ ಕಪ್ಪಾಗದೆ, ಎಮಿಷನ್ ಟೆಸ್ಟಿನಲ್ಲಿ ಪಾಸಾಗುತ್ತಿರುವವರೆಗೆ ಡಿಕ್ಕಿಯಲ್ಲಿ ಅದೇ ದರ್ಜೆಯ ಒಂದು ಲೀಟರ್ ಡಬ್ಬಿ ಇಟ್ಟುಕೊಂಡು ಓಡಿಸಿ ಎನ್ನುತ್ತೇನೆ. ಪ್ಲಗ್ಗಿಗೆ ಆಯಿಲ್ ಹತ್ತಿ ಮಿಸ್ಸಿಂಗ್ ಶುರುವಾದ ಮೇಲೆ ಎಂಜಿನ್ ಬಿಚ್ಚಲೇಬೇಕು.